‘ಹೋಗಿ ನೋಡ್ಕೊಳ್ಳೋಣ’ ಅನ್ನೋ ಶಾರ್ಟ್ ಫಿಲಂಗೆ ನಮ್ಮೂರೇ ಯಾಕೆ ಬೇಕು?

ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮ ಕಡೆ ಹಳ್ಳಿಗಳಿಗೆ ಕ್ಯಾಮೆರಾ ಬರುತ್ತದೆ. ಒಂದು ಟೆಂಪೋ ಟ್ರಾವೆಲರ್, ಎಂಟು-ಹತ್ತು ಹುಡುಗ ಹುಡುಗಿಯರು, ಬಾಡಿಗೆ ಕ್ಯಾಮೆರಾ, ಬಾಡಿಗೆ ಡ್ರೋನು. ಕಾಲೇಜಿನ ಪ್ರಾಜೆಕ್ಟು, ಶಾರ್ಟ್ ಫಿಲಂ. ಎರಡು ದಿನ ಊರೆಲ್ಲಾ ಓಡಾಡುತ್ತಾರೆ, ಮೂರನೇ ದಿನ ಇರುವುದಿಲ್ಲ. ಆಮೇಲೆ ಆ ಸಿನಿಮಾ ಏನಾಯಿತು ಅಂತ ಊರಿಗೆ ಗೊತ್ತಾಗುವುದೂ ಇಲ್ಲ.

ಸಿನಿಮಾ ಮಾಡಬೇಡಿ ಅಂತ ನಾವು ಹೇಳುತ್ತಿಲ್ಲ. ಹಳ್ಳಿಗೆ ಬರಬೇಡಿ ಅಂತಲೂ ಹೇಳುತ್ತಿಲ್ಲ. ನಮ್ಮ ತಕರಾರು ಇರುವುದು ಒಂದೇ ಒಂದು ಮಾತಿನ ಮೇಲೆ. ಎಲ್ಲಿ ಶೂಟಿಂಗು, ಯಾರು ನಟಿಸ್ತಾರೆ, ಕರೆಂಟ್ ಹೋದರೆ ಏನು ಮಾಡ್ತೀರಿ, ಊಟ ಎಲ್ಲಿ ಅಂತ ಕೇಳಿದರೆ ಈ ತಂಡಗಳು ಹೇಳುವ ಮಾತು ಅದು: ‘ಹೋಗಿ ನೋಡ್ಕೊಳ್ಳೋಣ’.

ಹೋಗಿ ನೋಡಿಕೊಳ್ಳುವುದು ಅಂದರೆ ಏನು ಅಂತ ಹಳ್ಳಿಯವರಿಗೆ ಗೊತ್ತು. ನೋಡಿಕೊಳ್ಳುವವರು ನೀವು. ಹೊಲ ನಿಮ್ಮದು, ಜಗಲಿ ನಿಮ್ಮದು, ಕರೆಂಟ್ ನಿಮ್ಮದು, ಸಮಯ ನಿಮ್ಮದು. ಕ್ಯಾಮೆರಾ ಆನ್ ಆಗುವ ಮುಂಚೆ ಕಾಗದದ ಮೇಲೆ ಆಗಬೇಕಿದ್ದ ಕೆಲಸಕ್ಕೆ ಸಿನಿಮಾದವರು ಪ್ರೀ-ಪ್ರೊಡಕ್ಷನ್ ಅನ್ನುತ್ತಾರೆ. ಆ ಕೆಲಸ ಆಗದಿದ್ದರೆ ಅದರ ಬಿಲ್ಲು ಎಲ್ಲಿಗೂ ಮಾಯವಾಗಲ್ಲ. ಊರಿನ ಮನೆ ಬಾಗಿಲಿಗೆ ಬಂದು ಕೂರುತ್ತದೆ. ನಾವು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಬೆಳಗಿನ ಬೆಳಕು ಮತ್ತು ಡೈರಿ

ಒಂದು ಸಣ್ಣ ಉದಾಹರಣೆ ತೆಗೆದುಕೊಳ್ಳಿ. ಹೊರಗಡೆ ತೆಗೆಯುವ ಶಾಟ್‌ಗೆ ಒಳ್ಳೇ ಬೆಳಕು ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಸಂಜೆ ಹೊತ್ತು ಇಳಿಯುವಾಗ. ಕ್ಯಾಮೆರಾ ಕಲಿತ ಪ್ರತಿಯೊಬ್ಬರಿಗೂ ಇದು ಮೊದಲ ಪಾಠ. ಸರಿ. ಆದರೆ ನಮ್ಮ ಊರುಗಳಲ್ಲಿ ಅದೇ ಹೊತ್ತಿಗೆ ಹಾಲು ಕರೆಯಬೇಕು, ಡೈರಿಗೆ ಹಾಕಬೇಕು. ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕು. ಸಂಜೆಯೂ ಅದೇ ಕಥೆ.

‘ಅಜ್ಜಿ, ಇನ್ನೊಂದ್ಸಲ ಆ ಕಡೆಯಿಂದ ನಡ್ಕೊಂಡು ಬನ್ನಿ’ ಅಂತ ಆರು ಸಲ ನಡೆಸಿದರೆ, ಅಷ್ಟರಲ್ಲಿ ಡೈರಿಯಲ್ಲಿ ಹಾಲು ಅಳೆಯುವುದು ಮುಗಿದಿರುತ್ತದೆ. ಒಂದು ಹೊತ್ತಿನ ಹಾಲು ಮನೆಯಲ್ಲೇ ಉಳಿಯಿತು. ಸಿನಿಮಾದ ಲೆಕ್ಕದಲ್ಲಿ ಅದು ಒಂದು ಚಂದದ ಶಾಟು. ಅಜ್ಜಿಯ ಲೆಕ್ಕದಲ್ಲಿ ನಷ್ಟ. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಮುಂಚೆ ಒಂದು ದಿನ ಅದೇ ಹೊತ್ತಿಗೆ ಬಂದು ಅರಳಿಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರೆ ಸಾಕಿತ್ತು, ಕಣ್ಣಿಗೆ ಕಾಣುತ್ತಿತ್ತು.

ಜಾಗ ನೋಡಲು ಬರುವುದಕ್ಕೆ ಸಿನಿಮಾದಲ್ಲಿ ರೆಕ್ಕಿ ಅನ್ನುತ್ತಾರೆ. ತುಂಬಾ ತಂಡಗಳು ರೆಕ್ಕಿ ಮಾಡುವುದು ಭಾನುವಾರ ಮಧ್ಯಾಹ್ನ, ಬೈಕಿನಲ್ಲಿ, ನಾಲ್ಕು ಫೋಟೋ ಹೊಡೆದುಕೊಂಡು ಹೋಗಲು. ಫೋಟೋದಲ್ಲಿ ಶಬ್ದ ಕೇಳಿಸಲ್ಲ. ಶೂಟಿಂಗ್ ದಿನ ಬಂದಾಗ ಹಿಟ್ಟಿನ ಗಿರಣಿ ಓಡುತ್ತಿರುತ್ತದೆ, ಬೋರ್‌ವೆಲ್ ಮೋಟರ್ ಓಡುತ್ತಿರುತ್ತದೆ, ದೇವಸ್ಥಾನದ ಮೈಕಿನಲ್ಲಿ ಹಾಡು. ಆಗ ಶುರು: ‘ಅಣ್ಣ, ಒಂದು ಅರ್ಧ ಗಂಟೆ ಮೋಟರ್ ಆಫ್ ಮಾಡ್ತೀರಾ?’

ತ್ರೀ ಫೇಸ್ ಕರೆಂಟ್ ಇಡೀ ದಿನ ಇರಲ್ಲ, ಪಾಳಿಯ ಪ್ರಕಾರ ಕೆಲವೇ ಗಂಟೆ ಬರುತ್ತದೆ. ರೈತ ಅದಕ್ಕಾಗಿ ನಿದ್ದೆ ಕೆಟ್ಟು ಕಾಯುತ್ತಾನೆ. ಅದರಲ್ಲಿ ಅರ್ಧ ಗಂಟೆ ಕೊಡು ಅಂದರೆ ಅರ್ಧ ಗಂಟೆಯ ನೀರು ಕೊಡು ಅಂತಲೇ ಅರ್ಥ. ಬರುವ ಮುಂಚೆ ಲೈನ್‌ಮ್ಯಾನ್‌ಗೆ ಒಂದು ಫೋನ್ ಮಾಡಿದ್ದರೆ ಪಾಳಿ ಯಾವಾಗ ಅಂತ ಗೊತ್ತಾಗುತ್ತಿತ್ತು. ಮಾತಿಲ್ಲದ ಶಾಟ್‌ಗಳನ್ನು ಆ ಹೊತ್ತಿಗೆ, ಮಾತಿರುವ ದೃಶ್ಯಗಳನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಬಹುದಿತ್ತು. ಪ್ಲಾನಿಂಗ್ ಅಂದರೆ ದೊಡ್ಡ ವಿದ್ಯೆ ಏನಲ್ಲ, ಇಂಥದ್ದೇ.

‘ನಾವು ಸ್ಟೂಡೆಂಟ್ಸು, ಬಜೆಟ್ ಇಲ್ಲ’

ಇದು ಅವರ ಮೊದಲ ಉತ್ತರ. ಕೇಳಿದ ತಕ್ಷಣ ಅಯ್ಯೋ ಪಾಪ ಅನಿಸುತ್ತದೆ. ಆದರೆ ಬಜೆಟ್ ಇಲ್ಲದವರಿಗೇ ಅಲ್ಲವೇ ಪ್ಲಾನಿಂಗ್ ಬೇಕಾಗಿರುವುದು? ದುಡ್ಡಿರುವ ನಿರ್ಮಾಪಕ ತಪ್ಪು ಮಾಡಿದರೆ ಇನ್ನೊಂದು ದಿನ ಕ್ಯಾಮೆರಾ ಬಾಡಿಗೆಗೆ ತರುತ್ತಾನೆ. ನಿಮ್ಮ ಹತ್ತಿರ ಇನ್ನೊಂದು ದಿನ ಇಲ್ಲ. ಇಡೀ ಸಿನಿಮಾದಲ್ಲಿ ಪೆನ್ನು, ಹಾಳೆ, ಬಸ್ ಚಾರ್ಜಿನಲ್ಲಿ ಆಗುವ ಕೆಲಸ ಇದೊಂದೇ. ಅದನ್ನೇ ಬಿಟ್ಟು ಡ್ರೋನ್ ಬಾಡಿಗೆಗೆ ದುಡ್ಡು ಹೊಂದಿಸುತ್ತೀರಲ್ಲ!

ಒಂದು ಲೆಕ್ಕ ಹಾಕೋಣ. ಸ್ಕ್ರಿಪ್ಟ್‌ನ ಒಂದು ಪುಟಕ್ಕೆ ಸುಮಾರು ಒಂದು ನಿಮಿಷದ ಸಿನಿಮಾ ಅಂತ ಒಂದು ಅಂದಾಜು ಇದೆ. 10 ನಿಮಿಷದ ಸಿನಿಮಾಕ್ಕೆ 10 ಪುಟ. ಅದಕ್ಕೆ 60 ಶಾಟ್ ಅಂತ ಇಟ್ಟುಕೊಳ್ಳಿ. ಶೂಟಿಂಗ್ ಎರಡು ದಿನ. ಊಟ, ಜಾಗ ಬದಲಿಸುವುದು ಕಳೆದರೆ ದಿನಕ್ಕೆ 8 ಗಂಟೆ ಕೆಲಸ. ಒಟ್ಟು 16 ಗಂಟೆ, ಅಂದರೆ 960 ನಿಮಿಷ. ಒಂದು ಶಾಟ್‌ಗೆ ಸಿಗುವುದು 16 ನಿಮಿಷ. ಆ 16 ನಿಮಿಷದಲ್ಲೇ ಕ್ಯಾಮೆರಾ ಇಡಬೇಕು, ಬೆಳಕು ನೋಡಬೇಕು, ನಟರಿಗೆ ಹೇಳಿಕೊಡಬೇಕು, ತಪ್ಪಿದರೆ ಮತ್ತೆ ತೆಗೆಯಬೇಕು.

ಈ ಲೆಕ್ಕವನ್ನು ಮನೆಯಲ್ಲೇ ಹಾಕಿದ ತಂಡಕ್ಕೆ 60 ಶಾಟ್ ಆಗಲ್ಲ, 35ಕ್ಕೆ ಇಳಿಸೋಣ ಅಂತ ಮನೆಯಲ್ಲೇ ಗೊತ್ತಾಗುತ್ತದೆ. ಹಾಕದ ತಂಡಕ್ಕೆ ಎರಡನೇ ದಿನ ಸಂಜೆ ಗೊತ್ತಾಗುತ್ತದೆ. ಆಗ ಹಣ್ಣಾದ ಮುಖದಲ್ಲಿ ಇನ್ನೊಂದು ದಿನ ಇರ್ತೀರಾ ಅಂತ ಊರಿನವರನ್ನು ಕೇಳುತ್ತಾರೆ.

ಇನ್ನೊಂದು ಲೆಕ್ಕ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಊರಿನ 8 ಜನರನ್ನು ಎರಡು ದಿನ ನಿಲ್ಲಿಸಿಕೊಂಡರೆ ಆ ದರದಲ್ಲೇ 5,920 ರೂಪಾಯಿ ಆಯಿತು. ಬಿತ್ತನೆಯ ಕಾಲ, ಕೊಯ್ಲಿನ ಕಾಲ ಆದರೆ ಹೊರಗಡೆ ಕೂಲಿ ಇನ್ನೂ ಜಾಸ್ತಿ. ಈ 5,920 ರೂಪಾಯಿ ನಿಮ್ಮ ಬಜೆಟ್ ಹಾಳೆಯಲ್ಲಿ ಎಲ್ಲಿದೆ? ಲೆನ್ಸ್ ಬಾಡಿಗೆ ಇದೆ, ಪೆಟ್ರೋಲ್ ಇದೆ, ಬಿರಿಯಾನಿ ಇದೆ. ಊರಿನವರ ಸಾಲೇ ಇಲ್ಲ. ಬಜೆಟ್ ಇಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಬಜೆಟ್ ಇದೆ, ಅದರಲ್ಲಿ ಊರಿನವರು ಇಲ್ಲ.

ಸ್ಟೂಡೆಂಟ್ ಸಿನಿಮಾ ಅಂದರೆ ಹೀಗೇ ಇರುತ್ತದೆ ಅನ್ನುವವರಿಗೆ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಹೆಸರು ನೆನಪಿಸಬೇಕು. ಎಂಬಿಬಿಎಸ್ ಓದಿ, ಆಮೇಲೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸ್ ಮಾಡಿದವರು. ವರ್ಷದ ಕೊನೆಯ ಪ್ರಾಜೆಕ್ಟಾಗಿ ಅವರು ಮಾಡಿದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಕನ್ನಡದ್ದು. ಒಬ್ಬ ಅಜ್ಜಿ ಊರಿನ ಹುಂಜವನ್ನು ಹೊತ್ತುಕೊಂಡು ಹೋಗುತ್ತಾಳೆ, ಊರಿಗೆ ಬೆಳಕೇ ಹರಿಯಲ್ಲ. ನಮ್ಮ ಅಜ್ಜಿಯರು ಹೇಳುವಂಥ ಜನಪದ ಕಥೆ. ಶೂಟಿಂಗ್‌ಗೆ ಸಿಕ್ಕಿದ್ದು ನಾಲ್ಕು ದಿನ. ಸಿನಿಮಾ ಸುಮಾರು 16 ನಿಮಿಷ. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಪಂಚದ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಅದಕ್ಕೇ ಬಂತು.

ಸೂರ್ಯನೇ ಹುಟ್ಟದ ಕಥೆ, ರಾತ್ರಿ ದೃಶ್ಯಗಳು, ಪ್ರಾಣಿ, ಗುಂಪು, ನಾಲ್ಕು ದಿನ. ಇದನ್ನು ಹೋಗಿ ನೋಡಿಕೊಂಡು ಮಾಡಲಿಕ್ಕಾಗುತ್ತದಾ? ನೀವೇ ಹೇಳಿ.

‘ರೇ ಹತ್ರ ಸ್ಕ್ರಿಪ್ಟೇ ಇರ್ಲಿಲ್ಲ ಗೊತ್ತಾ?’

ಇದು ಸ್ವಲ್ಪ ಓದಿಕೊಂಡವರ ಉತ್ತರ. ‘ಹಳ್ಳಿಯ ಜೀವನ ಪ್ಲಾನ್ ಮಾಡೋಕೆ ಆಗಲ್ಲ, ಅದು ಸಹಜವಾಗಿ ಬರಬೇಕು. ಸತ್ಯಜಿತ್ ರೇ ಪಥೇರ್ ಪಾಂಚಾಲಿ ಮಾಡಿದಾಗ ಸ್ಕ್ರಿಪ್ಟ್ ಇರಲಿಲ್ಲ’ ಅನ್ನುತ್ತಾರೆ.

ಅರ್ಧ ನಿಜ. ರೇ ಹತ್ತಿರ ಪೂರ್ತಿ ಬರೆದ ಸ್ಕ್ರಿಪ್ಟ್ ಇರಲಿಲ್ಲ. ಆದರೆ ಒಂದು ಪುಸ್ತಕ ಇತ್ತು. ಅದರಲ್ಲಿ ದೃಶ್ಯದ ಮೇಲೆ ದೃಶ್ಯ ಅವರೇ ಕೈಯಾರೆ ಚಿತ್ರ ಬರೆದಿದ್ದರು. ಕ್ಯಾಮೆರಾ ಎಲ್ಲಿಂದ ನೋಡಬೇಕು, ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಅದರಲ್ಲಿತ್ತು. ಆ ಪುಸ್ತಕ ಹಿಡಿದುಕೊಂಡೇ ನಿರ್ಮಾಪಕರ ಬಾಗಿಲು ತಟ್ಟಿದರು. ಬರೆಯಲಿಲ್ಲ ಸರಿ, ಬಿಡಿಸಿದ್ದರಲ್ಲ? ನಿಮ್ಮ ಹತ್ತಿರ ಎರಡೂ ಇಲ್ಲ.

ಅದೇ ಸಿನಿಮಾದ ಇನ್ನೊಂದು ಸಂಗತಿ ಹಳ್ಳಿಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಕ್ಕ-ತಮ್ಮ ರೈಲು ನೋಡಲು ಓಡುವ ದೃಶ್ಯಕ್ಕೆ ಬಿಳಿ ಹೂವಿನ ಎತ್ತರದ ಹುಲ್ಲುಗಾವಲು ಬೇಕಿತ್ತು. ಅಲ್ಲಿಯವರು ಅದಕ್ಕೆ ಕಾಶ್ ಅನ್ನುತ್ತಾರೆ. 1952ರ ಅಕ್ಟೋಬರ್ ಕೊನೆಗೆ ಒಂದು ದಿನ ಶೂಟಿಂಗ್ ಮಾಡಿದರು. ಒಂದು ವಾರ ಬಿಟ್ಟು ಬಂದು ನೋಡಿದರೆ ಹೂವೇ ಇಲ್ಲ, ದನ ಮೇಯ್ದುಬಿಟ್ಟಿದ್ದವು! ಮುಂದಿನ ಹೂವಿನ ಕಾಲ ಬರುವವರೆಗೆ ಆ ದೃಶ್ಯ ಕಾಯಬೇಕಾಯಿತು. ಪೇಟೆಯಿಂದ ಬಂದವರ ಕಣ್ಣಿಗೆ ಅದು ಹೂವಿನ ಬಯಲು, ದನಕ್ಕೆ ಮೇವು. ಊರಿನ ದನ ಕಾಯುವ ಹುಡುಗನನ್ನು ಕೇಳಿದ್ದರೆ ಅವತ್ತೇ ಹೇಳುತ್ತಿದ್ದ.

ನಮ್ಮಲ್ಲೂ ಇದೇ ಆಗುತ್ತದೆ. ಹಸಿರು ರಾಗಿ ಹೊಲ ನೋಡಿಕೊಂಡು ಹೋಗಿ ಡಿಸೆಂಬರ್‌ನಲ್ಲಿ ಕ್ಯಾಮೆರಾ ತಂದರೆ ಸಿಗುವುದು ಕೂಳೆ. ಮೊದಲ ದಿನ ಅರ್ಧ ದೃಶ್ಯ ತೆಗೆದು, ಉಳಿದರ್ಧಕ್ಕೆ ಹದಿನೈದು ದಿನ ಬಿಟ್ಟು ಬಂದರೆ ಕಬ್ಬು ಫ್ಯಾಕ್ಟರಿಗೆ ಹೋಗಿರುತ್ತದೆ. ರೈತನಿಗೆ ‘ಸ್ವಲ್ಪ ದಿನ ಕೊಯ್ಯಬೇಡಿ’ ಅಂತ ಹೇಳಿದವರನ್ನೂ ನಾವು ಕಂಡಿದ್ದೇವೆ. ಸಿನಿಮಾದ ಕ್ಯಾಲೆಂಡರ್ ಬೆಳೆಯ ಕ್ಯಾಲೆಂಡರಿಗೆ ಹೊಂದಿಕೊಳ್ಳಬೇಕೇ ಹೊರತು ಬೆಳೆ ಸೆಮಿಸ್ಟರಿಗೆ ಹೊಂದಿಕೊಳ್ಳಲ್ಲ.

‘ಸಹಜ’ ಬೇಕು ಅನ್ನುವವರು ‘ತಿಥಿ’ ನೋಡಿ. ರಾಮ್ ರೆಡ್ಡಿ ನಿರ್ದೇಶನದ ಆ ಸಿನಿಮಾ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನದು. ಗಡ್ಡಪ್ಪ, ಸೆಂಚುರಿ ಗೌಡ ಅಂತ ಹೆಸರಾದವರು ಯಾರೂ ನಟರಾಗಿರಲಿಲ್ಲ, ಆ ಕಡೆಯ ಊರಿನ ಜನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದಿತು. ನೋಡಿದರೆ ಎಲ್ಲಾ ಹಾಗೇ ನಡೆದುಹೋದಂತೆ ಇದೆ.

ಆದರೆ ಕಥೆ ಬರೆದವರಲ್ಲಿ ಒಬ್ಬರು ಈರೇಗೌಡರು, ಅದೇ ಊರಿನವರು. ಯಾರು ಹೇಗೆ ಬೈಯುತ್ತಾರೆ, ಯಾರು ಹೇಗೆ ನಡೆಯುತ್ತಾರೆ ಅಂತ ಗೊತ್ತಿದ್ದವರು. ಊರಿನ ಜನರನ್ನು ನೋಡಿ ಪಾತ್ರ ಬರೆದರು. ಆ ಸಹಜತೆಯ ಹಿಂದೆ ಇದ್ದದ್ದು ಊರಿನ ಜೊತೆಗಿನ ಒಡನಾಟ. ಟೆಂಪೋ ಟ್ರಾವೆಲರ್ ಇಳಿದ ಅರ್ಧ ಗಂಟೆಗೆ ಅದು ಬರಲ್ಲ.

ಮಕ್ಕಳ ವಿಷಯ ಬೇರೆ

ಹಳ್ಳಿ ಅಂದಮೇಲೆ ಸಿನಿಮಾದಲ್ಲಿ ಒಂದು ಮಗು ಇರಲೇಬೇಕು ಅಂತ ಯಾರು ಹೇಳಿದರೋ. ಟೈರ್ ಓಡಿಸುವ ಹುಡುಗ, ಬರಿಗಾಲಿನ ಹುಡುಗಿ. ಸ್ಕೂಲಿನ ಹತ್ತಿರ ಹೋಗಿ, ಚಾಕೊಲೇಟ್ ಕೊಟ್ಟು, ಕರೆದುಕೊಂಡು ಬರುತ್ತಾರೆ. ಅಪ್ಪ-ಅಮ್ಮನಿಗೆ ಸಂಜೆ ಗೊತ್ತಾಗುತ್ತದೆ.

ಸಿನಿಮಾ, ಸೀರಿಯಲ್, ಜಾಹೀರಾತಿನಲ್ಲಿ ಮಕ್ಕಳು ನಟಿಸುವುದಕ್ಕೆ 2017ರಿಂದ ಕೇಂದ್ರ ಸರ್ಕಾರದ ನಿಯಮ ಇದೆ. ದಿನಕ್ಕೆ 5 ಗಂಟೆ ಮೀರಬಾರದು. ಬಿಡುವಿಲ್ಲದೆ 3 ಗಂಟೆ ಮೀರಬಾರದು. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ತಂದೆ-ತಾಯಿಯ ಒಪ್ಪಿಗೆ ಬೇಕು, ಓದಿಗೆ ತೊಂದರೆ ಆಗಬಾರದು. ‘ನಮ್ಮದು ಕಾಲೇಜ್ ಪ್ರಾಜೆಕ್ಟು, ಅದು ನಮಗೆ ಅನ್ವಯಿಸಲ್ಲ’ ಅಂತ ವಾದ ಮಾಡುತ್ತಾ ಕೂರಬೇಡಿ. ಬಿಸಿಲು ಮಗುವಿಗೆ ಒಂದೇ, ಕ್ಯಾಮೆರಾ ಯಾರದಾದರೇನು. ಅಪ್ಪ-ಅಮ್ಮನ ಸಹಿ ಇಲ್ಲದೆ, ಅವರಲ್ಲೊಬ್ಬರು ಪಕ್ಕದಲ್ಲಿ ಇಲ್ಲದೆ ಮಗುವಿನ ಮುಂದೆ ಕ್ಯಾಮೆರಾ ಇಡಬಾರದು. ಇದರಲ್ಲಿ ಮಾತುಕತೆ ಇಲ್ಲ.

ದೊಡ್ಡವರ ವಿಷಯದಲ್ಲೂ ಅಷ್ಟೇ. ‘ಒಪ್ಪಿಗೆ’ ಅಂದರೆ ಕ್ಯಾಮೆರಾ ನೋಡಿ ನಕ್ಕಿದ್ದು ಅಲ್ಲ. ಕಥೆ ಏನು ಅಂತ ಪೂರ್ತಿ ಹೇಳಬೇಕು. ‘ಒಬ್ಬ ರೈತನ ಕಥೆ ಅಜ್ಜ’ ಅಂತ ಹೇಳಿ ಶೂಟಿಂಗ್ ಮಾಡಿ, ಆಮೇಲೆ ನೋಡಿದರೆ ಕುಡಿದು ಹೆಂಡತಿಗೆ ಹೊಡೆಯುವ ರೈತ! ಊರಿನ ವಾಟ್ಸಾಪ್ ಗ್ರೂಪಿಗೆ ಆ ವಿಡಿಯೋ ಬಂದ ದಿನ ಅಜ್ಜನ ಮನೆಯವರು ತಲೆ ಎತ್ತಿ ಓಡಾಡುವುದು ಹೇಗೆ? ಕಥೆ ಮೊದಲೇ ಬರೆದಿದ್ದರೆ ಮೊದಲೇ ಓದಿ ಹೇಳಬಹುದು. ಬರೆಯದೇ ಬಂದವರು ಏನು ಹೇಳಿಯಾರು? ಅವರಿಗೇ ಗೊತ್ತಿಲ್ಲ.

ತಪ್ಪು ಮಾರ್ಕ್ಸ್ ಕೊಡುವಲ್ಲಿದೆ

ಮಕ್ಕಳನ್ನಷ್ಟೇ ಬೈದರೆ ನ್ಯಾಯವಲ್ಲ. ಅವರಿಗೆ ಹೀಗೆ ಕಲಿಸಿದ್ದು ಯಾರು? ತುಂಬಾ ಕಾಲೇಜುಗಳಲ್ಲಿ ಕ್ಯಾಮೆರಾ ಕಲಿಸುತ್ತಾರೆ, ಎಡಿಟಿಂಗ್ ಸಾಫ್ಟ್‌ವೇರ್ ಕಲಿಸುತ್ತಾರೆ. ಕಾಗದದ ಕೆಲಸ ಒಂದು ಥಿಯರಿ ಕ್ಲಾಸಿನಲ್ಲಿ ಮುಗಿಯುತ್ತದೆ. ಮಾರ್ಕ್ಸು ಪೂರ್ತಿ ಕೊನೆಯ ವಿಡಿಯೋ ನೋಡಿ ಕೊಡುತ್ತಾರೆ. ಅದನ್ನು ಯಾರ ಹೊಲದಲ್ಲಿ, ಯಾರಿಗೆ ಏನು ಹೇಳಿ ತೆಗೆದರು ಅಂತ ಒಬ್ಬರೂ ಕೇಳಲ್ಲ. ಶೂಟಿಂಗ್ ಪ್ಲಾನ್ ಫೈಲನ್ನು ಸಿನಿಮಾ ಮುಗಿದ ಮೇಲೆ ಕೂತು ತಯಾರು ಮಾಡಿ, ಹಿಂದಿನ ತಾರೀಖು ಹಾಕಿ ಕೊಡುವ ಪದ್ಧತಿ ಇದೆ. ಪತ್ರಿಕೋದ್ಯಮ ಓದಿದ ನಮ್ಮಂಥವರೆಲ್ಲ ಇದನ್ನು ಹತ್ತಿರದಿಂದ ಕಂಡವರೇ. ಮೇಷ್ಟ್ರಿಗೂ ಗೊತ್ತು.

ನಾವು ಕೇಳುವುದು ದೊಡ್ಡದೇನಲ್ಲ. 100 ಮಾರ್ಕ್ಸಿನಲ್ಲಿ 40 ಕಾಗದಕ್ಕೆ ಕೊಡಿ, ಅದನ್ನು ಕ್ಯಾಮೆರಾ ಕೊಡುವ ಮುಂಚೆ ನೋಡಿ. ಸ್ಕ್ರಿಪ್ಟ್ ಇದೆಯಾ? ಯಾವ ದೃಶ್ಯಕ್ಕೆ ಯಾರು, ಯಾವ ಸಾಮಾನು, ಯಾವ ಜಾಗ ಅಂತ ಬಿಡಿಸಿ ಬರೆದ ಪಟ್ಟಿ ಇದೆಯಾ? ಯಾವ ಗಂಟೆಗೆ ಯಾವ ಶಾಟ್ ಅಂತ ಇದೆಯಾ? ಜಾಗದ ಮಾಲೀಕರ ಒಪ್ಪಿಗೆ ಪತ್ರ ಇದೆಯಾ? ಮಳೆ ಬಂದರೆ ಏನು ಮಾಡ್ತೀರಿ? ಊರಿನವರಿಗೆ ಎಷ್ಟು ಕೊಡ್ತೀರಿ? ಇಷ್ಟಕ್ಕೆ ಉತ್ತರ ಇಲ್ಲದಿದ್ದರೆ ಕ್ಯಾಮೆರಾ ಕೊಡಬೇಡಿ. ಹಳ್ಳಿಗೆ ಹೋಗುವ ಬದಲು ಕ್ಯಾಂಪಸ್ಸಿನಲ್ಲೇ ಒಂದು ಕಥೆ ಹುಡುಕಲಿ.

ಊರಿನವರು ಕೇಳಬೇಕಾದ ಪ್ರಶ್ನೆಗಳು

ಈಗ ನಿಮಗೆ. ಕ್ಯಾಮೆರಾ ಬಂದರೆ ನಾವು ಹಳ್ಳಿಯವರು ದೊಡ್ಡ ಮನಸ್ಸು ಮಾಡುತ್ತೇವೆ. ಪರವಾಗಿಲ್ಲ, ಓದೋ ಮಕ್ಕಳು ಅನ್ನುತ್ತೇವೆ. ಕಾಫಿ ಕೊಡುತ್ತೇವೆ. ಅದು ನಮ್ಮ ಒಳ್ಳೇತನ, ಬಿಡುವುದು ಬೇಡ. ಆದರೆ ಕಾಫಿ ಕೊಡುವಾಗಲೇ ಇಷ್ಟು ಕೇಳಿ:

1. ಕಥೆ ಏನು? ಕನ್ನಡದಲ್ಲಿ, ಕೊನೆಯವರೆಗೂ ಹೇಳಿ.

2. ಎಷ್ಟು ದಿನ, ಯಾವ ಹೊತ್ತು? ಬರೆದ ಹಾಳೆ ತೋರಿಸಿ.

3. ನಟಿಸುವವರಿಗೆ, ಮನೆ ಕೊಟ್ಟವರಿಗೆ, ಕರೆಂಟ್ ಕೊಟ್ಟವರಿಗೆ ಎಷ್ಟು ಕೊಡ್ತೀರಿ?

4. ಮುಗಿದ ಸಿನಿಮಾ ನಮಗೆ ಯಾವಾಗ, ಎಲ್ಲಿ ತೋರಿಸ್ತೀರಿ? ಯೂಟ್ಯೂಬಿಗೆ ಹಾಕೋ ಮುಂಚೆ ತೋರಿಸ್ತೀರಾ?

5. ನಿಮ್ಮ ಮೇಷ್ಟ್ರ ಫೋನ್ ನಂಬರ್ ಕೊಡಿ.

ಐದನೇ ಪ್ರಶ್ನೆ ಕೇಳಿದ ತಕ್ಷಣ ಯಾವ ತಂಡ ತಯಾರಾಗಿ ಬಂದಿದೆ, ಯಾವುದು ಬಂದಿಲ್ಲ ಅಂತ ಮುಖದಲ್ಲೇ ಗೊತ್ತಾಗುತ್ತದೆ. ತಯಾರಾಗಿ ಬಂದವರು ಖುಷಿಯಿಂದ ಉತ್ತರ ಕೊಡುತ್ತಾರೆ. ಅಂಥವರಿಗೆ ನಿಮ್ಮ ಜಗಲಿ ಕೊಡಿ, ಹೋರಿ ಕೊಡಿ, ಕಥೆಯನ್ನೂ ಕೊಡಿ. ಇಲ್ಲದವರಿಗೆ ಕಾಫಿ ಕೊಟ್ಟು, ಕಾಗದ ಮಾಡಿಕೊಂಡು ಬನ್ನಿ ಅಂತ ಕಳಿಸಿ. ಅದು ಜಗಳವಲ್ಲ. ಅವರ ಕಾಲೇಜು ಕಲಿಸದ ಪಾಠವನ್ನು ನೀವು ಕಲಿಸಿದಂತೆ.

ನಮ್ಮ ಹುಡುಗರಿಗೆ ಒಂದು ಮಾತು

ಊರಿನಲ್ಲೇ ಇದ್ದು ಮೊಬೈಲಿನಲ್ಲಿ ಶಾರ್ಟ್ ಫಿಲಂ ಮಾಡುವ ತಮ್ಮಂದಿರೇ, ತಂಗಿಯರೇ, ಇದು ಬರೀ ಪೇಟೆಯವರಿಗೆ ಹೇಳಿದ್ದಲ್ಲ. ‘ನಮ್ಮೂರೇ ಅಲ್ವಾ, ಎಲ್ಲಾ ಗೊತ್ತು’ ಅನ್ನುವುದೂ ‘ಹೋಗಿ ನೋಡ್ಕೊಳ್ಳೋಣ’ ಅನ್ನುವುದರ ತಮ್ಮನೇ. ಚಿಕ್ಕಪ್ಪನ ಹೊಲವಾದರೂ ಕೇಳಿ. ಅತ್ತೆ ನಟಿಸಿದರೂ ಕಥೆ ಪೂರ್ತಿ ಹೇಳಿ. ಫ್ರೆಂಡು ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದಾನೆ ಅಂದರೆ ಅವನ ಒಂದು ದಿನದ ಸಂಬಳ ನಿಮ್ಮ ಸಿನಿಮಾದಲ್ಲಿ ಹೋಯಿತು ಅಂತ ಲೆಕ್ಕ ಬರೆದಿಡಿ. ತೀರಿಸುವುದು ಆಮೇಲಾದರೂ ಸರಿ.

ಆದರೆ ಒಂದು ನೆನಪಿಡಿ. ಪೇಟೆಯ ತಂಡ ವಾರಗಟ್ಟಲೆ ರೆಕ್ಕಿ ಮಾಡಿದರೂ ಸಿಗದ ಮಾಹಿತಿ ನಿಮಗೆ ಹುಟ್ಟಿನಿಂದ ಇದೆ. ಯಾವ ಹೊತ್ತಿಗೆ ಯಾವ ಗೋಡೆಯ ಮೇಲೆ ಬಿಸಿಲು ಬೀಳುತ್ತದೆ, ಸಂತೆ ಯಾವತ್ತು, ಗಿರಣಿ ಯಾವತ್ತು ರಜೆ, ಕೊಯ್ಲು ಯಾವಾಗ, ಯಾವ ಅಜ್ಜಿಗೆ ಕಥೆ ಹೇಳಲು ಬರುತ್ತದೆ, ಎಲ್ಲಾ ಗೊತ್ತು. ಗೊತ್ತಿರುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಿನ, ಗಂಟೆ, ಜಾಗ, ಜನ, ದುಡ್ಡು, ಐದು ಗೆರೆ ಎಳೆದು ಐದು ಸಾಲು. ನಾಲ್ಕು ಜನ ಕೂತು ಒಂದು ಸಂಜೆ ಮಾಡುವ ಕೆಲಸ. 40 ರೂಪಾಯಿಯ ನೋಟ್‌ಬುಕ್ಕು ಇಲ್ಲದೆ 40 ಸಾವಿರದ ಕ್ಯಾಮೆರಾ ಬಾಡಿಗೆಗೆ ತರಬೇಡಿ.

ಮುಂದಿನ ಸೆಮಿಸ್ಟರ್‌ಗೆ ಮತ್ತೆ ಟೆಂಪೋ ಟ್ರಾವೆಲರ್ ಬರುತ್ತದೆ. ಬರಲಿ. ಇಳಿದವರ ಕೈಯಲ್ಲಿ ಮೊದಲು ಕ್ಯಾಮೆರಾ ಇದೆಯೋ, ಕಾಗದ ಇದೆಯೋ ನೋಡಿ. ಕಾಗದ ಇದ್ದರೆ ಒಳಗೆ ಕರೆಯಿರಿ.